ತಿರಸ್ಕರಿಸುವ ಮೊದಲು ಅವನ ಮಾತು ಕೇಳಿದಿರಾ?

ವೀಸಾ ರಿಜೆಕ್ಟ್ ಆಗುವುದು ಅಂದರೆ ಏನೆಂದು ನಮ್ಮ ಮನೆಗಳಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗಲ್ಫ್‌ಗೆ ಹೊರಟ ಹುಡುಗನ ಮೆಡಿಕಲ್ ಪಾಸಾಗಲಿಲ್ಲ, ಪಾಸ್‌ಪೋರ್ಟ್‌ನ ಹೆಸರಿಗೂ ಸರ್ಟಿಫಿಕೇಟ್‌ನ ಹೆಸರಿಗೂ ಒಂದಕ್ಷರ ತಾಳೆಯಾಗಲಿಲ್ಲ, ಇಲ್ಲವೇ ಏಜೆಂಟ್ ಕೈಕೊಟ್ಟ. ನಾಲ್ಕು ದಿನ ಮನೆಯಲ್ಲಿ ಬೇಸರ, ಮಾಡಿದ ಸಾಲದ ಚಿಂತೆ. ಆದರೂ ಹುಡುಗ ಮನೆಯಲ್ಲೇ ಇರುತ್ತಾನೆ, ರಾತ್ರಿ ಊಟಕ್ಕೆ ಉಮ್ಮ ಕರೆಯುತ್ತಾರೆ. ಇನ್ನೊಂದು ಬಗೆಯ ಅರ್ಜಿ ಇದೆ. ಅದು ರಿಜೆಕ್ಟ್ ಆದರೆ ಮನುಷ್ಯ ಯಾವ ಜಾಗದಿಂದ ಜೀವ ಉಳಿಸಿಕೊಂಡು ಓಡಿ ಬಂದನೋ ಅದೇ ಜಾಗಕ್ಕೆ ಅವನನ್ನು ವಾಪಸ್ ಕಳಿಸುತ್ತಾರೆ. ಅದು ಆಶ್ರಯ ಕೋರುವ ಅರ್ಜಿ.

1951ರ ನಿರಾಶ್ರಿತರ ಒಪ್ಪಂದ ಅಂತ ಒಂದಿದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು, ರಾಜಕೀಯ ಅಭಿಪ್ರಾಯ - ಈ ಐದರಲ್ಲಿ ಒಂದರ ಕಾರಣಕ್ಕೆ ತನ್ನ ದೇಶದಲ್ಲಿ ಕಿರುಕುಳಕ್ಕೆ ಗುರಿಯಾಗುವ ಭಯ, ಅದೂ ಆಧಾರವಿರುವ ಭಯ ಯಾರಿಗಿದೆಯೋ ಅವನು ನಿರಾಶ್ರಿತ. ಅಂಥವನನ್ನು ಅಪಾಯ ಇರುವ ಜಾಗಕ್ಕೆ ಮರಳಿ ತಳ್ಳಬಾರದು ಎಂಬುದು ಆ ಒಪ್ಪಂದದ ಜೀವಾಳ. ಬಡತನಕ್ಕೆ, ಕೆಲಸಕ್ಕೆ ಅಂತ ಹೋದವನು ಇದರಲ್ಲಿ ಬರುವುದಿಲ್ಲ. ಹಾಗಾಗಿ ಪ್ರತಿ ಅರ್ಜಿಯಲ್ಲೂ ಸರಕಾರ ಕೇಳುವ ಪ್ರಶ್ನೆ: ಇವನು ಹೇಳುವುದು ನಿಜವೋ, ಕಟ್ಟುಕತೆಯೋ?

ಕಷ್ಟ ಇರುವುದು ಇಲ್ಲಿಯೇ. ಓಡಿ ಬಂದವನ ಕೈಯಲ್ಲಿ ದಾಖಲೆ ಎಲ್ಲಿಂದ ಬರಬೇಕು? ಲಾಕಪ್ಪಿನಲ್ಲಿ ಹೊಡೆದ ಪೊಲೀಸ್ ಅದಕ್ಕೊಂದು ರಸೀದಿ ಕೊಟ್ಟಿರುತ್ತಾನೆಯೇ? ಬಹಳ ಕೇಸುಗಳಲ್ಲಿ ಅವನ ಹತ್ತಿರ ಇರುವುದು ಅವನ ಮಾತು ಮಾತ್ರ. ಆ ಮಾತನ್ನು ಯಾರು ಕೇಳಿದರು, ಹೇಗೆ ಕೇಳಿದರು, ನಂಬುವುದಿಲ್ಲ ಎಂದಾದರೆ ಯಾಕೆ ಎಂದು ಅವನಿಗೆ ಹೇಳಿದರೋ ಇಲ್ಲವೋ ಎಂಬುದರ ಮೇಲೆ ಒಂದು ಜೀವ ನಿಂತಿರುತ್ತದೆ. ಈ ವಿಷಯದಲ್ಲಿ ಲೋಕದ ನ್ಯಾಯಾಲಯಗಳು ಹೇಳಿದ ಮಾತುಗಳಲ್ಲಿ ಬಹಳ ತೂಕದ್ದು ಕೆನಡಾದ ಸುಪ್ರೀಂ ಕೋರ್ಟ್ 1985ರಲ್ಲಿ ಹೇಳಿದ್ದು. ಆ ಮಾತನ್ನು ಹೇಳಿಸಿದವರಲ್ಲಿ ಹೆಚ್ಚಿನವರು ನಮ್ಮ ದೇಶದಿಂದಲೇ ಹೋದವರು.

ಮುಖ ನೋಡದೆ ಕೊಟ್ಟ ತೀರ್ಪು

ಕೆನಡಾದಲ್ಲಿ ಆಗ ಇದ್ದದ್ದು 1976ರ ವಲಸೆ ಕಾಯ್ದೆ. ಆಶ್ರಯ ಕೇಳಿದವನನ್ನು ಒಬ್ಬ ಹಿರಿಯ ವಲಸೆ ಅಧಿಕಾರಿ ಪ್ರಮಾಣ ಮಾಡಿಸಿ ಪ್ರಶ್ನೆ ಕೇಳುತ್ತಿದ್ದರು. ಪ್ರಶ್ನೋತ್ತರವನ್ನೆಲ್ಲ ಬರೆದು ಕಡತ ಮಾಡುತ್ತಿದ್ದರು. ಆದರೆ ಮುಖಾಮುಖಿ ಕೂತು ಕೇಳಿದ ಆ ಅಧಿಕಾರಿಗೆ ತೀರ್ಮಾನಿಸುವ ಅಧಿಕಾರ ಇರಲಿಲ್ಲ. ಕಡತ ಒಂದು ಸಲಹಾ ಸಮಿತಿಗೆ ಹೋಗಬೇಕು, ಸಮಿತಿ ಮಂತ್ರಿಗೆ ಸಲಹೆ ಕೊಡಬೇಕು, ತೀರ್ಮಾನ ಮಂತ್ರಿಯ ಹೆಸರಿನಲ್ಲಿ ಬರಬೇಕು. ಅಂದರೆ ಅರ್ಜಿದಾರನ ಮುಖ ನೋಡಿದವರು ತೀರ್ಪು ಕೊಡುವುದಿಲ್ಲ, ತೀರ್ಪು ಕೊಡುವವರು ಅವನ ಮುಖ ನೋಡುವುದಿಲ್ಲ.

ಮಂತ್ರಿ ಇಲ್ಲ ಎಂದರೆ ವಲಸೆ ಮೇಲ್ಮನವಿ ಮಂಡಳಿಗೆ ಹೋಗಬಹುದಿತ್ತು. ಅಲ್ಲಿ ಇನ್ನೂ ವಿಚಿತ್ರ. ಮಂಡಳಿ ಮೊದಲು ಕಾಗದಗಳನ್ನಷ್ಟೇ ಓದುತ್ತದೆ. ವಿಚಾರಣೆ ನಡೆಸಿದರೆ ಈತ ತನ್ನ ವಾದವನ್ನು ಸಾಬೀತು ಮಾಡಿಯಾನು ಎಂದು ಅದಕ್ಕೆ ಅನಿಸಿದರೆ ಮಾತ್ರ ವಿಚಾರಣೆ. ಅನಿಸದಿದ್ದರೆ ಅಲ್ಲಿಗೇ ಮುಗಿಯಿತು. ವಿಚಾರಣೆಯಲ್ಲಿ ಗೆಲ್ಲುತ್ತೇನೆ ಎಂದು ವಿಚಾರಣೆ ಇಲ್ಲದೆಯೇ ತೋರಿಸಿಕೊಡಬೇಕು! ಮಂತ್ರಿ ಯಾವ ಮಾಹಿತಿ ಇಟ್ಟುಕೊಂಡು ತನ್ನನ್ನು ನಂಬಲಿಲ್ಲ ಎಂಬುದೂ ಅರ್ಜಿದಾರನಿಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಎದುರಿನವನು ಏನು ಹೇಳಿದ್ದಾನೆಂದು ತಿಳಿಯದೆ ಅದಕ್ಕೆ ಉತ್ತರ ಹೇಳು ಅಂದರೆ ಯಾರು ತಾನೇ ಹೇಳಿಯಾರು?

ಹೀಗೆ ತಿರಸ್ಕೃತರಾದ ಏಳು ಮಂದಿ ಕೋರ್ಟು ಹತ್ತಿದರು. ಹೆಚ್ಚಿನವರು ಭಾರತದ ಸಿಖ್ಖರು. ಗಯಾನಾ ದೇಶದಿಂದ ಬಂದ ಒಬ್ಬ ಮಹಿಳೆಯೂ ಇದ್ದರು. ಕೆಳಗಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇವರ ಅರ್ಜಿಯನ್ನು ವಜಾ ಮಾಡಿತು. ಕಾಯ್ದೆಯಲ್ಲಿ ಇರುವ ಹಾಗೆಯೇ ಮಂಡಳಿ ನಡೆದುಕೊಂಡಿದೆಯಲ್ಲ ಅಂತ. ಅದು ಸುಳ್ಳೂ ಅಲ್ಲ. ತಪ್ಪು ಇದ್ದದ್ದು ಕಾಯ್ದೆಯಲ್ಲಿಯೇ.

ಸುಪ್ರೀಂ ಕೋರ್ಟಿನ ತೀರ್ಪು 1985ರ ಎಪ್ರಿಲ್ 4ರಂದು ಬಂತು. 'ಸಿಂಗ್ ಪ್ರಕರಣ' ಎಂದೇ ಅದಕ್ಕೆ ಹೆಸರು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಬರ್ತಾ ವಿಲ್ಸನ್. ಕೆನಡಾ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಪಾದ್ರಿಯಾಗಿದ್ದ ಗಂಡನ ಜೊತೆ 1949ರಲ್ಲಿ ಕೆನಡಾಕ್ಕೆ ವಲಸೆ ಬಂದವರು. ಬೇರೆ ದೇಶದಿಂದ ಬಂದು ನೆಲೆ ನಿಂತವರು ಎಂಬುದು ತೀರ್ಪಿಗೆ ಕಾರಣ ಅಂತ ನಾನು ಹೇಳುತ್ತಿಲ್ಲ, ಆದರೆ ಗೊತ್ತಿದ್ದರೆ ಒಳ್ಳೆಯದು.

ಆಗ ಕೆನಡಾದ ಹಕ್ಕುಗಳ ಸನ್ನದು ಜಾರಿಗೆ ಬಂದು ಮೂರು ವರ್ಷವೂ ತುಂಬಿರಲಿಲ್ಲ. ಅದರ 7ನೇ ವಿಧಿ ಹೇಳುತ್ತದೆ: ಜೀವ, ಸ್ವಾತಂತ್ರ್ಯ ಮತ್ತು ದೇಹದ ಸುರಕ್ಷತೆ ಎಲ್ಲರ ಹಕ್ಕು, ಮೂಲಭೂತ ನ್ಯಾಯದ ತತ್ವಗಳನ್ನು ಅನುಸರಿಸದೆ ಅದನ್ನು ಕಸಿಯುವಂತಿಲ್ಲ. ಇಲ್ಲಿ 'ಎಲ್ಲರೂ' ಎಂದರೆ ಯಾರು? ನಾಗರಿಕರು ಮಾತ್ರವೋ? ವಿಲ್ಸನ್ ಅವರ ಉತ್ತರ ಬಹಳ ಸರಳ. ಕೆನಡಾದ ನೆಲದ ಮೇಲೆ ನಿಂತಿರುವ ಪ್ರತಿಯೊಬ್ಬ ಮನುಷ್ಯನೂ ಅದರಲ್ಲಿ ಸೇರುತ್ತಾನೆ. ಹೊರದೇಶದವನಿಗೆ ಇಲ್ಲಿ ಉಳಿಯುವ ಹಕ್ಕೇ ಇಲ್ಲ, ಮತ್ತೆ ನ್ಯಾಯದ ಮಾತೇನು ಎಂಬ ವಾದ ಹೀಗೆ ಬಿದ್ದುಹೋಯಿತು. ವಾಪಸ್ ಕಳಿಸಿದರೆ ಹಿಂಸೆ ಎದುರಾಗುವ ಬೆದರಿಕೆ ಇದೆ ಎಂದಾದರೆ ಅಷ್ಟೇ ಸಾಕು, ದೇಹದ ಸುರಕ್ಷತೆಯ ಪ್ರಶ್ನೆ ಬಂದ ಹಾಗೆಯೇ.

ಅನಂತರದ್ದು ಮುಖ್ಯ ಮಾತು. ಒಬ್ಬ ಮನುಷ್ಯನನ್ನು ನಂಬಬೇಕೋ ಬೇಡವೋ ಎಂಬುದೇ ಗಂಭೀರ ಪ್ರಶ್ನೆಯಾಗಿರುವಾಗ, ಅವನನ್ನು ಎದುರಿಗೆ ಕೂರಿಸಿ ಕೇಳದೆ, ಕಾಗದ ನೋಡಿ ಸುಳ್ಳುಗಾರ ಎನ್ನುವುದು ನ್ಯಾಯವಲ್ಲ. ಮೌಖಿಕ ವಿಚಾರಣೆ ಬೇಕೇ ಬೇಕು. ಅವನ ವಿರುದ್ಧ ಏನಿದೆ ಎಂದು ಅವನಿಗೆ ತಿಳಿಸಬೇಕು, ಉತ್ತರಿಸಲು ಬಿಡಬೇಕು. ಇದರಲ್ಲಿ ದೊಡ್ಡ ಪಾಂಡಿತ್ಯ ಏನೂ ಇಲ್ಲ. ಮದರಸದಲ್ಲಿ ಇಬ್ಬರು ಮಕ್ಕಳು ಹೊಡೆದಾಡಿಕೊಂಡಾಗ ಮೊದಲು ಓಡಿ ಬಂದು 'ಉಸ್ತಾದ್, ಇವನು ಹೊಡೆದ' ಅಂದವನೇ ಸರಿ ಅಂತ ಅನಿಸಿಬಿಡುತ್ತದೆ. ಇನ್ನೊಬ್ಬನನ್ನು ಕರೆದು ಕೇಳಿದ ಮೇಲೆಯೇ ಗೊತ್ತಾಗುವುದು ಮೊದಲ ಪೆಟ್ಟು ಯಾರದೆಂದು.

ಸರಕಾರದ ಕಡೆಯಿಂದ ಇನ್ನೊಂದು ವಾದ ಬಂದಿತ್ತು. ಎಲ್ಲರಿಗೂ ವಿಚಾರಣೆ ಕೊಡಲು ಹೊರಟರೆ ಮಂಡಳಿಗೆ ಹೊರಲಾರದ ಹೊರೆ, ಖರ್ಚು ಎಷ್ಟಾದೀತು ಅಂತ. ಇದು ಎಲ್ಲ ದೇಶಗಳ ಸರಕಾರಗಳೂ ಹೇಳುವ ಮಾತೇ. ಹಾಗೆ ಮಾಡಿದರೆ ಸಮಯವೂ ಹಣವೂ ಉಳಿಯುತ್ತದೆ ಎಂಬ ಕಾರಣಕ್ಕೆ ಹಕ್ಕನ್ನು ಬದಿಗಿಡಬಹುದು ಎಂದಾದರೆ ಸನ್ನದಿನಲ್ಲಿ ಅದನ್ನು ಬರೆದಿಟ್ಟು ಪ್ರಯೋಜನವೇನು ಎಂಬ ಅರ್ಥದಲ್ಲಿ ವಿಲ್ಸನ್ ಉತ್ತರಿಸಿದರು. ಪೀಠದಲ್ಲಿದ್ದ ಆರು ನ್ಯಾಯಮೂರ್ತಿಗಳಲ್ಲಿ ಮೂವರು ಸನ್ನದಿನ ದಾರಿ ಹಿಡಿದರೆ, ಉಳಿದ ಮೂವರು 1960ರ ಹಳೆಯ ಹಕ್ಕುಗಳ ಕಾಯ್ದೆಯ ದಾರಿ ಹಿಡಿದರು. ದಾರಿ ಬೇರೆಯಾದರೂ ಮುಟ್ಟಿದ್ದು ಒಂದೇ ಕಡೆಗೆ.

ಆ ಏಳು ಮಂದಿಗೆ ಕೋರ್ಟ್ ಆಶ್ರಯ ಕೊಡಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಇವರು ನಿರಾಶ್ರಿತರು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಸರಿಯಾಗಿ ವಿಚಾರಣೆ ನಡೆಸಿ ಅಂತ ವಾಪಸ್ ಕಳಿಸಿತು, ಅಷ್ಟೇ. ಆದರೆ ಆ 'ಅಷ್ಟೇ' ಇಡೀ ವ್ಯವಸ್ಥೆಯನ್ನು ಕಿತ್ತು ಬೇರೆ ಕಟ್ಟುವ ಹಾಗೆ ಮಾಡಿತು. 1989ರ ಜನವರಿಯಲ್ಲಿ ವಲಸೆ ಮತ್ತು ನಿರಾಶ್ರಿತರ ಮಂಡಳಿ ಎಂಬ ಹೊಸ ಸ್ವತಂತ್ರ ಸಂಸ್ಥೆ ಕೆಲಸ ಶುರು ಮಾಡಿತು. ತೀರ್ಮಾನಿಸುವವರ ಎದುರೇ ಅರ್ಜಿದಾರ ಕೂತು ಮಾತಾಡುವ ಪದ್ಧತಿ ಬಂತು. ಇವತ್ತಿಗೂ ಕೆನಡಾದಲ್ಲಿ ಎಪ್ರಿಲ್ 4ನ್ನು ನಿರಾಶ್ರಿತರ ಹಕ್ಕುಗಳ ದಿನ ಎಂದು ಆಚರಿಸುತ್ತಾರೆ.

ಕೋರ್ಟ್ ಏನು ಮಾಡಬಲ್ಲದು, ಏನು ಮಾಡಲಾರದು

ನ್ಯಾಯಾಂಗ ಮರುಪರಿಶೀಲನೆ ಎಂಬ ದೊಡ್ಡ ಪದ ಕೇಳಿ ಗಾಬರಿಯಾಗುವುದು ಬೇಡ. ನಮ್ಮಲ್ಲಿ ಸರಕಾರಿ ಆದೇಶದ ವಿರುದ್ಧ ಹೈಕೋರ್ಟಿಗೆ ರಿಟ್ ಹಾಕುತ್ತಾರಲ್ಲ, ಅದೇ ಬಗೆಯದ್ದು. ಮೇಲ್ಮನವಿ ಬೇರೆ, ಇದು ಬೇರೆ. ಮೇಲ್ಮನವಿಯಲ್ಲಿ ತೀರ್ಮಾನ ಸರಿಯೋ ತಪ್ಪೋ ಅಂತ ನೋಡಿ ಅದನ್ನೇ ಬದಲಾಯಿಸಬಹುದು. ಮರುಪರಿಶೀಲನೆಯಲ್ಲಿ ನ್ಯಾಯಾಧೀಶರು ನೋಡುವುದು ಆ ತೀರ್ಮಾನಕ್ಕೆ ಬಂದ ದಾರಿಯನ್ನು. ಕಾನೂನು ಮೀರಿದ್ದಾರೆಯೇ, ಎದುರಿನವನ ಮಾತು ಕೇಳಿದ್ದಾರೆಯೇ, ಮೊದಲೇ ಮನಸ್ಸಿನಲ್ಲಿ ತೀರ್ಮಾನ ಮಾಡಿಕೊಂಡು ಕೂತಿದ್ದರೇ, ಮುಖ್ಯ ಸಾಕ್ಷ್ಯವೊಂದನ್ನು ಕಣ್ಣೆತ್ತಿಯೂ ನೋಡದೆ ಬಿಟ್ಟಿದ್ದಾರೆಯೇ, ಕೊಟ್ಟ ಕಾರಣ ಬುದ್ಧಿಗೆ ಒಪ್ಪುವಂತಿದೆಯೇ. ಲೋಪ ಕಂಡರೆ ಆದೇಶ ರದ್ದು, ಕೇಸು ಮತ್ತೆ ವಿಚಾರಣೆಗೆ. ಎರಡನೇ ಸಲವೂ ಸೋಲಬಹುದು. ಹಾಗಾದರೆ ಇಷ್ಟೆಲ್ಲ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಒಂದೇ: ಮೊದಲ ಸಲ ಅವನು ಸೋತದ್ದು ಕೇಳಿಸಿಕೊಂಡ ಮೇಲೆ ಅಲ್ಲವಲ್ಲ.

ಕೇಳುವುದು ಎಂದರೂ ಕಿವಿ ಕೊಟ್ಟರೆ ಮುಗಿಯಲಿಲ್ಲ. ಭಾಷೆಯ ವಿಷಯ ನೋಡಿ. ನಮ್ಮ ಒಬ್ಬ ಬ್ಯಾರಿ ಅಜ್ಜಿಯನ್ನು ದೂರದ ದೇಶದ ಕಚೇರಿಯಲ್ಲಿ ಕೂರಿಸಿ, ನಿಮ್ಮದು ಮಲಯಾಳದ ಹಾಗೆಯೇ ಇದೆಯಲ್ಲ ಅಂತ ಮಲಯಾಳಂ ದುಭಾಷಿಯನ್ನು ಕೊಟ್ಟರೆ ಹೇಗಾದೀತು? ಅರ್ಧ ಅರ್ಥವಾಗುತ್ತದೆ, ಉಳಿದರ್ಧ ಅಡ್ಡ ಹೋಗುತ್ತದೆ. ಮರುದಿನ ಕಡತದಲ್ಲಿ 'ಹೇಳಿಕೆಗಳಲ್ಲಿ ವಿರೋಧಾಭಾಸ' ಎಂದು ಬರೆದಿರುತ್ತದೆ. ಅರಬಿ ಎಂದರೂ ಒಂದೇ ಅರಬಿಯಲ್ಲ. ಮೊರೊಕ್ಕೊದವನ ಮಾತು ಇರಾಕಿನವನಿಗೆ ಸಲೀಸಾಗಿ ತಿಳಿಯುವುದಿಲ್ಲ ಎಂಬುದು ಗಲ್ಫ್‌ನಲ್ಲಿ ದುಡಿದವರಿಗೆ ಗೊತ್ತೇ ಇದೆ.

ದಿನಾಂಕವೂ ಅಷ್ಟೇ. ಇರಾನಿನವರು ಬಳಸುವುದು ಸೌರ ಹಿಜರಿ ಕ್ಯಾಲೆಂಡರ್. ಅಫ್ಘಾನಿಸ್ತಾನದಿಂದ ಓಡಿ ಬಂದವರಲ್ಲಿ ಹೆಚ್ಚಿನವರು ಲೆಕ್ಕ ಹಾಕುವುದೂ ಅದರಲ್ಲಿಯೇ. ನಮ್ಮ ಚಾಂದ್ರಮಾನ ಹಿಜರಿಯಲ್ಲ. ಅವರ 1400ನೇ ವರ್ಷ ಎಂದರೆ 2021ರ ಮಾರ್ಚ್‌ನಿಂದ 2022ರ ಮಾರ್ಚ್‌ವರೆಗೆ. ಇಥಿಯೋಪಿಯದ ಕ್ಯಾಲೆಂಡರ್ ಏಳೆಂಟು ವರ್ಷ ಹಿಂದೆ ಇದೆ. ತಂದೆಯನ್ನು ಯಾವಾಗ ಹಿಡಿದುಕೊಂಡು ಹೋದರು ಎಂದು ಕೇಳಿದಾಗ ಹುಡುಗ ಒಂದು ತಿಂಗಳು ಹೇಳುತ್ತಾನೆ. ದುಭಾಷಿ ಲೆಕ್ಕ ಹಾಕುವಾಗ ಒಂದು ವರ್ಷ ಆಚೀಚೆ ಆಗುತ್ತದೆ. ಎದುರಿಗೆ ಕೂತು, 'ಇಲ್ಲಿ ಹೀಗಿದೆ, ಅಲ್ಲಿ ಹಾಗೆ ಹೇಳಿದ್ದೀಯಲ್ಲ, ಯಾಕೆ?' ಎಂದು ಒಂದು ಮಾತು ಕೇಳಿದರೆ ನಿಮಿಷದಲ್ಲಿ ಬಗೆಹರಿಯುವ ವಿಷಯ. ಕೇಳದಿದ್ದರೆ ಅದೇ ಅವನ ಗಡಿಪಾರಿಗೆ ಕಾರಣ.

ಹಾಗಂತ ಕೆನಡಾದಲ್ಲಿ ಈಗ ಎಲ್ಲ ಸರಿಯಿದೆ ಅಂತಲ್ಲ. ಅಲ್ಲಿ ಫೆಡರಲ್ ಕೋರ್ಟಿನಲ್ಲಿ ಮರುಪರಿಶೀಲನೆ ಬೇಕಾದರೆ ಮೊದಲು ಅನುಮತಿ ಪಡೆಯಬೇಕು. ದೇಶದೊಳಗೆ ಆದ ತೀರ್ಮಾನವಾದರೆ ಅರ್ಜಿ ಹಾಕಲು 15 ದಿನದ ಗಡುವು. ಅನುಮತಿ ಇಲ್ಲ ಎಂದಾದರೆ ಸಾಮಾನ್ಯವಾಗಿ ಕಾರಣವನ್ನೂ ಹೇಳುವುದಿಲ್ಲ, ಒಂದು ಸಾಲಿನ ಆದೇಶ ಬರುತ್ತದೆ. ಕಾರಣ ಕೊಡಿ ಎಂದು ಅಧಿಕಾರಿಗಳಿಗೆ ಪಾಠ ಹೇಳುವ ಕೋರ್ಟಿನ ಬಾಗಿಲಲ್ಲಿಯೇ ಹೀಗೆ ಎಂದರೆ ನನಗೆ ಸರಿ ಕಾಣುವುದಿಲ್ಲ. 2019ರ ಡಿಸೆಂಬರಿನಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ವವಿಲೋವ್ ಎಂಬ ಪ್ರಕರಣದಲ್ಲಿ, ತೀರ್ಮಾನದಿಂದ ಒಬ್ಬನ ಬದುಕಿಗೆ ಬೀಳುವ ಪೆಟ್ಟು ಎಷ್ಟು ದೊಡ್ಡದೋ, ಅಧಿಕಾರಿ ಕೊಡುವ ಕಾರಣದಲ್ಲಿ ಅದಕ್ಕೆ ತಕ್ಕ ತೂಕ ಕಾಣಬೇಕು ಎಂದು ಹೇಳಿತು. ಅದು ಒಳ್ಳೆಯ ಮಾತೇ.

ಬ್ರಿಟನ್ನಿನ ಎರಡು ತೀರ್ಪು, ಪ್ರಶ್ನೆ ಒಂದೇ

ಬ್ರಿಟನ್ನಿನಲ್ಲಿ ಇದೇ ವಿಷಯ ಬೇರೆ ಮುಖದಿಂದ ಬಂತು. 1987ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಎದುರು ಉಗಾಂಡದ ಒಬ್ಬನ ಕೇಸು ಇತ್ತು. ಅವನು ಬಂದದ್ದು ಕೆನ್ಯಾದ ಮೂಲಕ. ಕೆನ್ಯಾಕ್ಕೇ ವಾಪಸ್ ಹೋಗು ಎಂದಿತು ಸರಕಾರ. ಆದರೆ ಕೆನ್ಯಾ ಉಗಾಂಡದ ನಿರಾಶ್ರಿತರನ್ನು ಉಗಾಂಡಕ್ಕೇ ತಳ್ಳಿದ ಉದಾಹರಣೆಗಳಿದ್ದವು. ಅದನ್ನು ಸರಕಾರ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಜೀವಕ್ಕೆ ಅಪಾಯ ಇರುವ ತೀರ್ಮಾನವನ್ನು ಕೋರ್ಟ್ ಅತ್ಯಂತ ಕಾಳಜಿಯಿಂದ, ಎಳೆ ಎಳೆಯಾಗಿ ನೋಡಬೇಕು ಎಂದ ನ್ಯಾಯಾಧೀಶರು ಆದೇಶವನ್ನು ರದ್ದು ಮಾಡಿದರು. ಅಂದಿನಿಂದ ಬ್ರಿಟನ್ನಿನ ಆಶ್ರಯ ಪ್ರಕರಣಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ.

36 ವರ್ಷ ಕಳೆದ ಮೇಲೆ ಅದೇ ಪ್ರಶ್ನೆ ರುವಾಂಡಾದ ಹೆಸರಿನಲ್ಲಿ ಎದ್ದು ನಿಂತಿತು. ಇದನ್ನು ನಮ್ಮಲ್ಲಿ ಹಲವರು ಟಿವಿಯಲ್ಲಿ ನೋಡಿರಬಹುದು. 2022ರ ಎಪ್ರಿಲ್‌ನಲ್ಲಿ ಬ್ರಿಟನ್ ಸರಕಾರ ರುವಾಂಡಾ ಜೊತೆ ಒಪ್ಪಂದ ಮಾಡಿಕೊಂಡಿತು. ಸಣ್ಣ ದೋಣಿಗಳಲ್ಲಿ ಕಡಲು ದಾಟಿ ಬಂದವರನ್ನು ಆಫ್ರಿಕಾಕ್ಕೆ ಕಳಿಸುವುದು, ಅವರ ಅರ್ಜಿಯನ್ನು ಅಲ್ಲಿಯೇ ನೋಡುವುದು. ಕೋರ್ಟಿಗೆ ಹೋದವರಲ್ಲಿ ಸಿರಿಯಾದವರೂ ಇದ್ದರು. 2023ರ ನವೆಂಬರ್ 15ರಂದು ಐವರು ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟ್ ಪೀಠ ಒಮ್ಮತದಿಂದ ಅದನ್ನು ಕಾನೂನುಬಾಹಿರ ಎಂದಿತು.

ಯಾಕೆ? ರುವಾಂಡಾ ಬಡ ದೇಶ ಎಂದಲ್ಲ. ಅಲ್ಲಿ ಅರ್ಜಿ ವಿಚಾರಿಸುವ ಕ್ರಮದ ಮೇಲೆ ಭರವಸೆ ಇಡಲು ಆಗುವುದಿಲ್ಲ ಎಂದು. ಅರ್ಜಿದಾರನ ಪರವಾಗಿ ವಕೀಲರು ಮಾತಾಡಲು ಸರಿಯಾದ ಅವಕಾಶವಿಲ್ಲ. ಹೈಕೋರ್ಟಿಗೆ ಹೋಗುವ ಹಕ್ಕು 2018ರಿಂದ ಕಾಗದದಲ್ಲಿದ್ದರೂ ಆವರೆಗೆ ಒಬ್ಬರೂ ಅದನ್ನು ಬಳಸಿರಲಿಲ್ಲ. 2020ರಿಂದ 2022ರವರೆಗೆ ಅಫ್ಘಾನಿಸ್ತಾನ, ಸಿರಿಯಾ, ಯೆಮನ್‌ನಿಂದ ಬಂದವರ ಅರ್ಜಿಗಳು ಅಲ್ಲಿ ನೂರಕ್ಕೆ ನೂರು ತಿರಸ್ಕೃತವಾಗಿದ್ದವು ಎಂಬ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಮಾಹಿತಿಯೂ ಕೋರ್ಟಿನ ಮುಂದಿತ್ತು. ಯುದ್ಧದಲ್ಲಿ ಸುಟ್ಟುಹೋದ ಮೂರು ದೇಶಗಳಿಂದ ಬಂದವರಲ್ಲಿ ಒಬ್ಬನೂ ನಿಜ ಹೇಳಿರಲಿಲ್ಲವೇ! ಅನ್ಯಾಯದ ವಿಚಾರಣೆಯ ಕೊನೆಗೆ ಅವರು ತಮ್ಮ ದೇಶಕ್ಕೇ ತಳ್ಳಲ್ಪಡುವ ನಿಜವಾದ ಅಪಾಯ ಇದೆ ಎಂದು ಕೋರ್ಟ್ ಕಂಡುಕೊಂಡಿತು. ಸರಕಾರ ಸುಮ್ಮನಿರಲಿಲ್ಲ. ರುವಾಂಡಾ ಸುರಕ್ಷಿತ ದೇಶ ಎಂದು ಪಾರ್ಲಿಮೆಂಟಿನಲ್ಲಿ ಕಾಯ್ದೆಯನ್ನೇ ಮಾಡಿತು, 2024ರ ಎಪ್ರಿಲ್‌ನಲ್ಲಿ. ಜುಲೈಯಲ್ಲಿ ಸರಕಾರ ಬದಲಾಯಿತು, ಯೋಜನೆಯನ್ನು ಕೈಬಿಟ್ಟರು.

ಅದಕ್ಕೂ ಮೊದಲು ಅಲ್ಲಿ ಆಶ್ರಯ ಕೋರಿದವರನ್ನು ಬಂಧನದಲ್ಲಿಟ್ಟು ಅವಸರದಲ್ಲಿ ಕೇಸು ಮುಗಿಸುವ ಒಂದು ಪದ್ಧತಿ ಇತ್ತು. ತಿರಸ್ಕೃತವಾದರೆ ಮೇಲ್ಮನವಿ ಹಾಕಲು ಎರಡೇ ದಿನ. ವಕೀಲರನ್ನು ಹುಡುಕುವುದು ಯಾವಾಗ, ಸಾಕ್ಷ್ಯ ತರಿಸುವುದು ಯಾವಾಗ? 2015ರ ಜುಲೈಯಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮಗಳ ಚೌಕಟ್ಟೇ ಅನ್ಯಾಯದ್ದು ಎಂದು ಎತ್ತಿ ಬಿಸಾಡಿತು.

ನಮ್ಮ ದೇಶದಲ್ಲಿ

ಭಾರತ 1951ರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಬೈಲಕುಪ್ಪೆ, ಮುಂಡಗೋಡಿನಲ್ಲಿ ಟಿಬೆಟಿನವರಿಗೆ ಜಾಗ ಕೊಟ್ಟ ದೇಶ ಇದು, ಆದರೆ ಅದು ಸರಕಾರದ ತೀರ್ಮಾನದಿಂದ ಆದದ್ದು, ಆಶ್ರಯದ ಕಾಯ್ದೆಯಿಂದಲ್ಲ. ವಿದೇಶಿಯರನ್ನು ಹೊರಗೆ ಕಳಿಸುವ ಅಧಿಕಾರ ಸರಕಾರಕ್ಕೆ ಪೂರ್ತಿ ಇದೆ ಎಂದು ಸುಪ್ರೀಂ ಕೋರ್ಟ್ 1955ರಲ್ಲಿಯೇ ಒಬ್ಬ ಜರ್ಮನ್ ಪ್ರಜೆಯ ಕೇಸಿನಲ್ಲಿ ಹೇಳಿದೆ. ಇನ್ನೊಂದು ಕಡೆ, ಸಂವಿಧಾನದ 21ನೇ ವಿಧಿ ಜೀವದ ರಕ್ಷಣೆಯ ಮಾತಾಡುವಾಗ 'ನಾಗರಿಕ' ಎನ್ನುವುದಿಲ್ಲ, 'ವ್ಯಕ್ತಿ' ಎನ್ನುತ್ತದೆ. ಕೆನಡಾದ 'ಎಲ್ಲರೂ' ಇದ್ದ ಹಾಗೆ. ಜೀವ, ಸ್ವಾತಂತ್ರ್ಯ ಕಸಿಯುವ ಕ್ರಮ ಹೆಸರಿಗಿದ್ದರೆ ಸಾಲದು, ಅದು ನ್ಯಾಯಯುತವಾಗಿರಬೇಕು ಎಂದು 1978ರ ಮನೇಕಾ ಗಾಂಧಿ ಪ್ರಕರಣದಲ್ಲಿ ನಮ್ಮ ಕೋರ್ಟ್ ಹೇಳಿತು. ಸಿಂಗ್ ತೀರ್ಪಿಗಿಂತ ಏಳು ವರ್ಷ ಮೊದಲು.

1996ರಲ್ಲಿ ಅರುಣಾಚಲದ ಚಕ್ಮಾ ಜನರ ವಿಷಯದಲ್ಲಿ ಸುಪ್ರೀಂ ಕೋರ್ಟ್ 21ನೇ ವಿಧಿಯನ್ನು ಮುಂದಿಟ್ಟು ಅವರನ್ನು ಬಲವಂತವಾಗಿ ಓಡಿಸದಂತೆ ರಕ್ಷಣೆ ಕೊಡಲು ರಾಜ್ಯ ಸರಕಾರಕ್ಕೆ ಆದೇಶಿಸಿತು. ಗುಜರಾತ್ ಹೈಕೋರ್ಟ್ 1998ರಲ್ಲಿ ಇಬ್ಬರು ಇರಾಕಿನವರ ಕೇಸಿನಲ್ಲಿ, ಅವರ ಕೋರಿಕೆಯನ್ನು ಮಾನವೀಯ ದೃಷ್ಟಿಯಿಂದ ಪರಿಶೀಲಿಸಿ, ತೀರ್ಮಾನ ಆಗುವವರೆಗೆ ಕಳಿಸಬೇಡಿ ಎಂದಿತು. ಕೋರ್ಟ್ ಅಲ್ಲಿಯೂ ಆಶ್ರಯ ಕೊಡಲಿಲ್ಲ, ನೋಡಿ. ಅವರ ಮಾತನ್ನು ಪರಿಶೀಲಿಸುವಂತೆ ಮಾಡಿತು.

2021ರಲ್ಲಿ ಜಮ್ಮುವಿನಲ್ಲಿ ಬಂಧನದಲ್ಲಿದ್ದ ರೋಹಿಂಗ್ಯಾಗಳ ಬಿಡುಗಡೆ ಕೋರಿ, ಅವರನ್ನು ಮ್ಯಾನ್ಮಾರ್‌ಗೆ ಕಳಿಸದಂತೆ ತಡೆಯಬೇಕೆಂದು ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ಎಪ್ರಿಲ್ 8ರ ಆದೇಶದಲ್ಲಿ ಕೋರ್ಟ್, 14 ಮತ್ತು 21ನೇ ವಿಧಿಯ ಹಕ್ಕು ನಾಗರಿಕರಲ್ಲದವರಿಗೂ ಇದೆ ಎಂದು ಒಪ್ಪಿತು. ಆದರೆ ಗಡಿಪಾರಾಗದೆ ಉಳಿಯುವ ಹಕ್ಕು, ದೇಶದಲ್ಲಿ ನೆಲೆಸುವ ಹಕ್ಕಿನ ಜೊತೆ ಅಂಟಿಕೊಂಡದ್ದು, ಅದು ನಾಗರಿಕರಿಗೆ ಮಾತ್ರ ಎಂದಿತು. ಬಿಡುಗಡೆಗೆ ಒಪ್ಪಲಿಲ್ಲ. ಕೊನೆಗೆ ಒಂದು ಸಾಲು ಇತ್ತು: ಗಡಿಪಾರಿಗೆ ನಿಗದಿಪಡಿಸಿದ ಕ್ರಮವನ್ನು ಅನುಸರಿಸದೆ ಅವರನ್ನು ಕಳಿಸಬಾರದು. ಆ ಕ್ರಮ ಯಾವುದು, ಅದರಲ್ಲಿ ಆ ಮನುಷ್ಯನನ್ನು ಎದುರಿಗೆ ಕೂರಿಸಿ ನಿನಗೆ ಅಲ್ಲಿ ಏನು ಭಯ ಎಂದು ಕೇಳುವ ಹಂತ ಎಲ್ಲಿ ಬರುತ್ತದೆ ಎಂಬುದನ್ನು ಆದೇಶ ಬಿಡಿಸಿ ಹೇಳಲಿಲ್ಲ.